ಹುಲಿಗೆಮ್ಮನ ಬಗಲಿನ ಕೂಸು

ಗೋಡೆಯ ಮೇಲೆ ಒಂದಾದರೂ ಫೋಟೋ ಇಲ್ಲದ ಮನೆ ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ದೇವರದೊಂದು, ಅದರ ಪಕ್ಕ ತೀರಿಹೋದ ಹಿರಿಯರದೊಂದು. ಮಳೆಗಾಲದಲ್ಲಿ ಗೋಡೆ ನೆನೆಯುತ್ತದೆ, ಫೋಟೋದ ಕಟ್ಟಿನೊಳಗೆ ತೇವ ಸೇರುತ್ತದೆ, ಫೋಟೋ ಹೋಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಯಾವಾಗಲಾದರೂ ಸರಿಮಾಡಿಸಿದರಾಯಿತು ಎಂದುಕೊಂಡು ನಾವು ಹಬ್ಬಕ್ಕೊಮ್ಮೆ ಸೆರಗಿನಿಂದ ಒರೆಸಿ ಸುಮ್ಮನಾಗುತ್ತೇವೆ. ಗೋನೆಗಂಡ್ಲದ ದಸ್ತಗಿರಮ್ಮನ ಮನೆಯಲ್ಲೂ ಅಂಥದೇ ಒಂದು ಫೋಟೋ ಇತ್ತು. ಇತ್ತು ಅಂದೆ ನೋಡಿ, ಈಗಿಲ್ಲ.

ದಸ್ತಗಿರಮ್ಮ ಹತ್ತಿ ಬಿಡಿಸಲು, ಕಳೆ ತೆಗೆಯಲು ಕೂಲಿಗೆ ಹೋಗುವ ಮುದುಕಿ. ಆ ಫೋಟೋ ಅವಳ ಒಬ್ಬಳೇ ಮಗಳು ಹುಲಿಗೆಮ್ಮನದು. ಇಪ್ಪತ್ತೊಂದು ವರ್ಷದ ಹಿಂದೆ, ಶ್ರಾವಣದಲ್ಲಿ, ಉರುಕುಂದದ ಜಾತ್ರೆಗೆ ಹೋಗಿ ಹುಲಿಗೆಮ್ಮ ತನ್ನ ಕೂಸು ಸೂರಿಯ ಹುಟ್ಟುಗೂದಲು ತೆಗೆಸಿದ್ದಳು. ಅಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ತಿರುಗುತ್ತಿದ್ದವನೊಬ್ಬ ಹಿಡಿದ ಫೋಟೋ ಅದು. ಕೆಂಪು ಸೀರೆ. ಎಡ ಬಗಲಲ್ಲಿ ಸೂರಿ, ಬೋಳು ತಲೆಗೆ ಗಂಧ ಮೆತ್ತಿಸಿಕೊಂಡು ಬಾಯಿ ಅಗಲಿಸಿ ಅಳುತ್ತಿದ್ದಾನೆ. ತಾಯಿ ಬಲಗೈಯಿಂದ ಅವನ ಕಾಲು ಹಿಡಿದುಕೊಂಡು, ಅವನ ಅಳು ನೋಡಿ ನಗುತ್ತಿದ್ದಾಳೆ. ಆ ಕೈ ಮೇಲೆ ಹಸಿರು ಹಚ್ಚೆ.

ಮರುವರ್ಷ ಜ್ವರ ಬಂದು ಹುಲಿಗೆಮ್ಮ ತೀರಿಕೊಂಡಳು. ಸೂರಿಯ ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರು ಸೇರಿದ. ಮೊಮ್ಮಗನನ್ನು ದಸ್ತಗಿರಮ್ಮನೇ ಸಾಕಿದಳು. ಆ ತಾಯಿಮಗನ ಫೋಟೋ ಬೇರೆ ಇನ್ನೊಂದಿರಲಿಲ್ಲ. ಜಗತ್ತಿನಲ್ಲಿ ಅದೊಂದೇ.

ಆದರೆ ಇಪ್ಪತ್ತು ವರ್ಷ ಆ ಫೋಟೋಗೆ ಮಾಲೆ ಬಿದ್ದಿರಲಿಲ್ಲ. ಯಾಕೆ ಅಂದರೆ, ಬದುಕಿರುವವರ ಫೋಟೋಗೆ ಮಾಲೆ ಹಾಕಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ತಾಯಿಯ ಕೊರಳಿಗೆ ಬಿದ್ದ ಮಾಲೆ ಮಗನನ್ನೂ ಸುತ್ತುತ್ತದಲ್ಲ! ಅದಕ್ಕೆ ದಸ್ತಗಿರಮ್ಮ ಪ್ರತಿ ವರ್ಷ ಹಿರಿಯರ ಹಬ್ಬವಾದ ಪೆದ್ದಲ ಅಮಾವಾಸ್ಯೆಗೆ ಎಡೆ ಇಟ್ಟು, ಕಟ್ಟಿನ ಒಂದು ಮೂಲೆಗೆ, ಮಗಳಿರುವ ಕಡೆ ಮಾತ್ರ, ಒಂದು ಚೆಂಡುಹೂವು ಸಿಗಿಸುತ್ತಿದ್ದಳು. ಮೊಮ್ಮಗನ ಕಡೆಗೆ ಒಂದು ಎಸಳೂ ವಾಲದ ಹಾಗೆ ನೋಡಿಕೊಳ್ಳುತ್ತಿದ್ದಳು.

ಈಗ ಪಕ್ಕದ ಮನೆಯ ಅಶ್ವಿನಿಯ ವಿಷಯಕ್ಕೆ ಬರೋಣ. ಹತ್ತಿ ವ್ಯಾಪಾರದ ಮನೆಯ ಹುಡುಗಿ. ಎಮ್ಮಿಗನೂರಲ್ಲಿ ಬಸ್ಸು ಬದಲಿಸಿ ದಿನಾ ಆದೋನಿಗೆ ಕಾಲೇಜಿಗೆ ಹೋಗುತ್ತಾಳೆ. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಅಂದರೆ ಊಟ ಬೇಡ, ನಿದ್ದೆ ಬೇಡ. ಕೈ ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ಓಣಿಯ ಹುಡುಗರ ಹುಟ್ಟುಹಬ್ಬದ ಪೋಸ್ಟರೆಲ್ಲ ಅವಳದೇ ಕೈಯದು. ಒಮ್ಮೆ ತನ್ನ ಅಜ್ಜಿ ಬಸಲಿಂಗಮ್ಮನನ್ನು ಹಿಮದ ಬೆಟ್ಟದ ಮುಂದಿನ ಬಂಗಲೆಯ ಅಂಗಳದಲ್ಲಿ ನಿಲ್ಲಿಸಿಬಿಟ್ಟಿದ್ದಳು. ಅಜ್ಜಿ ನೋಡಿ, "ಚಲೋ ಐತಿ. ಅಷ್ಟು ದೊಡ್ಡ ಅಂಗಳ ಕಸಾ ಹೊಡಿಯೋರು ಯಾರು, ನೀನೇನು?" ಅಂದಿದ್ದಳು.

ಆ ವರ್ಷ ಕಾಲೇಜಿನಲ್ಲಿ ತ್ರಿವೇಣಿ ಮೇಡಂ ಡಿಜಿಟಲ್ ಆರ್ಟ್ ಪ್ರಾಜೆಕ್ಟ್ ಕೊಟ್ಟರು. ನಿಮ್ಮೂರಿನ ಒಂದು ಹಳೆಯ ಫೋಟೋ ತನ್ನಿ, ಅದನ್ನು ಸಾಫ್ಟ್‌ವೇರಿನಲ್ಲಿ ಹೊಸದು ಮಾಡಿ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಪ್ರದರ್ಶನ ಮಾಡಿ ಎಂದರು. ಅಶ್ವಿನಿ ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಈ ಸುದ್ದಿ ಹೇಳುತ್ತಿದ್ದಾಗ ದಸ್ತಗಿರಮ್ಮ ಹತ್ತಿರ ಬಂದಳು.

"ಅಶ್ವಿನಮ್ಮಾ, ಫೋಟೋದಾಗಿನ ಮಂದಿನ್ನ ತೆಗೀಲಾಕ ಬರ್ತೈತಂತಲ್ಲ, ಖರೇನಾ?"

"ಯಾರ್ನ ತೆಗೀಬೇಕು ಹೇಳಜ್ಜಿ. ಕ್ಷಣದಾಗ ಮಾಯ ಮಾಡ್ತೀನಿ."

"ನಮ್ಮ ಸೂರಿನ್ನ."

ಬಸಲಿಂಗಮ್ಮ ಗಾಬರಿಯಾಗಿ ತಿರುಗಿ ನೋಡಿದಳು. ದಸ್ತಗಿರಮ್ಮ ನಕ್ಕಳು. "ಅಯ್ಯ, ಹಂಗಲ್ಲವ್ವ. ಅವನ ಮದಿವಿ ಬಂತಲ್ಲ. ಮದ್ದಿಕೇರದ ಹುಡುಗಿ, ದೀಪಿಕಾ ಅಂತ. ಮದಿವಿ ದಿನ ನನ್ನ ಮಗಳ ಕೊರಳಿಗೆ ಒಂದು ಮಾಲಿ ಬೀಳಬೇಕು. ಇಪ್ಪತ್ತು ವರ್ಷ ಆತು, ಒಂದು ಮಾಲಿ ಹಾಕಿಲ್ಲ ನಾನು ಆಕಿಗೆ. ಕೂಸು ಅಡ್ಡ ಐತಿ. ಅವನ್ನ ತೆಗದು, ಆಕೀದೊಂದೇ ದೊಡ್ಡದು ಮಾಡಿ ಕೊಡು."

"ಸೂರಿನ್ನ ಒಂದು ಮಾತು ಕೇಳಿಯೇನು?" ಎಂದಳು ಬಸಲಿಂಗಮ್ಮ.

"ಅವನ್ನೇನು ಕೇಳೋದು ಅಕ್ಕಾ? ಮಿಲ್ಲಿನಾಗ ಅದಾನ. ಈ ಶನಿವಾರ ಬರಂಗಿಲ್ಲ, ಮುಂದಿನ ಶನಿವಾರ ಬಂದು ನೋಡಿ ಖುಷಿ ಪಡ್ಲಿ."

ಆ ಒಂದು ಮಾತು ಅಲ್ಲೇ ಬಿದ್ದುಹೋಯಿತು. ಮೂವರು ಹೆಂಗಸರು, ಮೂವರಿಗೂ ಸೂರಿ ಅಂದರೆ ಪ್ರೀತಿ. ಸೂರಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಅಶ್ವಿನಿ ಗೋಡೆಯ ಮೇಲಿನ ಕಟ್ಟಿಗೆ ಎದುರು ನಿಂತು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಳು. ಬಾಗಿಲ ಬೆಳಕು ಗಾಜಿನ ಮೇಲೆ ಬಿದ್ದು ಹುಲಿಗೆಮ್ಮನ ಕೆನ್ನೆಯ ಮೇಲೆ ಬಿಳಿ ಹೊಳಪು ಬಂತು. ಕೂಸು ಮಾತ್ರ ಸ್ಪಷ್ಟವಾಗಿ ಬಂದಿತ್ತು. ಕಟ್ಟನ್ನೂ ಇಳಿಸಿ ಮನೆಗೆ ತಂದಿಟ್ಟಳು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾಲೇಜು ಬಿಟ್ಟ ಮೇಲೆ ಎರಡು ತಾಸು ಆದೋನಿ ಬಜಾರಿನ ಏಕಾಂತಪ್ಪನ ಸ್ಟುಡಿಯೋದಲ್ಲಿ ಅವಳು ಕೆಲಸ ಕಲಿಯುತ್ತಿದ್ದಳು. ಏಕಾಂತಪ್ಪ ಮೂವತ್ತು ವರ್ಷದಿಂದ ಫೋಟೋ ತೆಗೆಯುವ ಮನುಷ್ಯ. ರೀಲು ತೊಳೆದ ಕೈ, ಈಗ ಮೌಸು ಹಿಡಿದ ಕೈ. ಬಾಯಿ ಸ್ವಲ್ಪ ಒರಟು. ಅವಳು ಮೊಬೈಲಿನಿಂದ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಜಾಗವಿಲ್ಲವೆಂದು ಮೊಬೈಲಿನಲ್ಲಿದ್ದದ್ದನ್ನು ಅಳಿಸಿದ್ದು ಅವನ ಕಣ್ಣಿಗೆ ಬಿತ್ತು.

"ಏಯ್ ಹುಡುಗಿ, ನಿಲ್ಲು. ಮೊದಲು ಇದರದು ಇನ್ನೊಂದು ಕಾಪಿ ಮಾಡು. ಅದಕ್ಕ 'ಮುಟ್ಟಬ್ಯಾಡ' ಅಂತ ಹೆಸರಿಟ್ಟು ಬ್ಯಾರೆ ಕಡೆ ಇಡು. ನಿನ್ನ ಆಟ ಏನಿದ್ರೂ ಎರಡನೇದರ ಮ್ಯಾಲ."

"ಆಮ್ಯಾಲ ಮಾಡ್ತೀನಣ್ಣಾ."

"ಆಮ್ಯಾಲ ಅಂದವರೆಲ್ಲ ಈ ಬಾಗಿಲ ಮುಂದ ಅಳಕೋತ ನಿಂತಾರ. ನಾ ನೋಡೀನಿ. ಇನ್ನೊಂದು ಮಾತು. ಫೋಟೋ ಗಾಜಿಗೆ ಹತ್ತೈತಿ ಅಂದ್ಯಲ್ಲ, ಅದನ್ನ ಕೀಳಾಕ ಹೋಗಬ್ಯಾಡ. ಗಾಜು ಸಮೇತ ಇಲ್ಲಿಗೆ ತಾ, ಸ್ಕ್ಯಾನರ್ ಮ್ಯಾಲ ಮಲಗಿಸೋಣು. ಹೊಳಪೂ ಬರಂಗಿಲ್ಲ."

"ಏಂ ಕಾದು ಲೆಂಡಿ ಅಣ್ಣಾ, ಏನೂ ಆಗಂಗಿಲ್ಲ!" ಅಂತ ಅಶ್ವಿನಿ ನಕ್ಕಳು. ಬಸ್ಸಿಗೆ ಹೊತ್ತಾಗಿತ್ತು. ಅಷ್ಟು ದೊಡ್ಡ ಗಾಜು ಬಸ್ಸಿನ ನೂಕಾಟದಲ್ಲಿ ಹೊತ್ತು ತರುವವರು ಯಾರು? ಏಕಾಂತಪ್ಪನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ನಾಲ್ಕು ದಿನ ಕೂತು ತಿದ್ದಿದಳು. ಮೊದಲು ಸೂರಿಯ ಬೋಳು ತಲೆ ಹೋಯಿತು. ಆಮೇಲೆ ಅಳುವ ಬಾಯಿ ಹೋಯಿತು. ಅವನು ಕೂತಿದ್ದ ಜಾಗಕ್ಕೆ ಕೆಂಪು ಸೀರೆ ತುಂಬಿದಳು. ಕೂಸು ಹೋದ ಮೇಲೆ ಹುಲಿಗೆಮ್ಮನ ಕೈಗಳು ಗಾಳಿಯನ್ನು ಹಿಡಿದುಕೊಂಡ ಹಾಗೆ ಉಳಿದವು. ಚೆನ್ನಾಗಿ ಕಾಣಲಿಲ್ಲ. ಅಂತರ್ಜಾಲದಿಂದ ಯಾರದೋ ಎರಡು ಕೈ ತಂದಳು, ಬಂಗಾರದ ಬಳೆ ತೊಟ್ಟ ಬೆಳ್ಳನೆಯ ಕೈ, ಜೋಡಿಸಿ ಮುಗಿದದ್ದು. ಅದನ್ನು ಕೂಡಿಸಿದಳು. ಆ ಕೈಗೆ ಹೊಂದಲೆಂದು ಮುಖವನ್ನೂ ಸ್ವಲ್ಪ ಬೆಳ್ಳಗೆ ಮಾಡಿದಳು. ಕೊರಳಿಗೊಂದು ಸರ, ಹಿಂದೆ ಹಸಿರು ತೋಟ. ಪ್ರತಿ ಸಲ ಏಳುವಾಗಲೂ ಸೇವ್ ಒತ್ತುತ್ತಿದ್ದಳು. ಸೇವ್ ಒತ್ತಿದಾಗಲೆಲ್ಲ ಹೊಸದು ಹಳೆಯದರ ಮೇಲೇ ಹೋಗಿ ಕೂರುತ್ತಿತ್ತು. ಬೇರೆ ಹೆಸರಿನಲ್ಲಿ ಇಡಬೇಕೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ, ಅದೇ ಸಂಕಟ.

ಉಳಿದದ್ದು ಕೆನ್ನೆಯ ಮೇಲಿನ ಬಿಳಿ ಹೊಳಪು. ಎಷ್ಟು ತಿದ್ದಿದರೂ ಅದು ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕಟ್ಟು ಬಿಚ್ಚಿ, ಫೋಟೋದ ಹಿಂದಿನಿಂದ ಒದ್ದೆ ಬಟ್ಟೆ ಒತ್ತಿ, ಚಾಕುವಿನ ತುದಿಯಿಂದ ಫೋಟೋ ಎಬ್ಬಿಸಲು ಕೂತಳು. ಮುಖದ ಕಡೆ ಸಲೀಸಾಗಿ ಬಂತು. ಹುರುಪಾಗಿ ಜೋರಾಗಿ ಎಳೆದಳು. ಸರ್ರೆಂದಿತು.

"ಏನದು ಸಪ್ಪಳ?" ಬಸಲಿಂಗಮ್ಮ ಒಳಗಿನಿಂದ ಕೇಳಿದಳು.

"ಏನಿಲ್ಲಜ್ಜಿ. ಹುಡುಗ ಇರೋ ಕಡೆ ಹರೀತು. ಹೆಂಗೂ ಅವನ್ನ ತೆಗಿಯೋದೇ ಅಲ್ಲ?"

ಕೂಸಿನ ಮುಖ, ಎದೆ, ಗಂಧದ ತಲೆ ಎಲ್ಲ ಒದ್ದೆ ಪುಡಿಯಾಗಿ ಬಟ್ಟೆಗೆ ಮೆತ್ತಿತ್ತು. ಅವಳು ಬಟ್ಟೆ ಹಿಂಡಿ ಒಣಹಾಕಿದಳು. ಗಾಜನ್ನು ಜೋಳದ ಚೀಲದ ಸಂದಿಗೆ ಒರಗಿಸಿದಳು. ತಾಯಿಯ ಮುಖ ಇದ್ದ ತುಂಡನ್ನು ಪುಸ್ತಕದಲ್ಲಿಟ್ಟುಕೊಂಡು ಮರುದಿನ ಆದೋನಿಗೆ ಹೋಗಿ ಸ್ಕ್ಯಾನ್ ಮಾಡಿ, ಕೆನ್ನೆ ಸರಿಮಾಡಿದಳು. ಕೆಲಸ ಮುಗಿಯಿತೆಂದು ಅವಳಿಗೆ ಖುಷಿಯೋ ಖುಷಿ.

ಪ್ರದರ್ಶನದ ದಿನ ಎಲ್ಲರ ಪ್ರಾಜೆಕ್ಟಿನಲ್ಲೂ ಎರಡೆರಡು ಚಿತ್ರ, ಹಳೆಯದು ಒಂದು, ಹೊಸದು ಒಂದು. ಅಶ್ವಿನಿಯದು ಮಾತ್ರ ಒಂದೇ. ತ್ರಿವೇಣಿ ಮೇಡಂ ಮುಂದೆ ನಿಂತು, "ಕೆಲಸ ಅದ್ಭುತವಾಗಿದೆ. ಮೊದಲಿನದು ಎಲ್ಲಿ?" ಎಂದು ಕೇಳಿದರು.

"ಅದು ಪೂರ್ತಿ ಹಾಳಾಗಿತ್ತು ಮೇಡಂ," ಎಂದಳು ಅಶ್ವಿನಿ. ಹಾಳಾಗಿತ್ತು ಅಂದಳೇ ಹೊರತು, ಯಾರು ಹಾಳು ಮಾಡಿದರು ಅನ್ನಲಿಲ್ಲ. ಆಗ ಮೊದಲ ಬಾರಿ ಅವಳ ಎದೆಯಲ್ಲಿ ಏನೋ ಒಂದು ಚುಚ್ಚಿತು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಚುಚ್ಚಿದ್ದು ಮರೆತುಹೋಯಿತು.

ಶನಿವಾರ ದೊಡ್ಡ ಕಟ್ಟು ಹಾಕಿಸಿ ದಸ್ತಗಿರಮ್ಮನ ಮನೆಗೆ ತಂದಳು. ಮುದುಕಿ ಮಗಳ ಮುಖ ಸವರಿ ಅತ್ತಳು. "ನನ್ನ ಕೂಸು ರಾಣಿ ಆಗ್ಯಾಳಲ್ಲವ್ವ!" ಎಂದಳು. ಮದುವೆಯ ದಿನದವರೆಗೆ ಕಾಯಲಾರದೆ ಚೆಂಡುಹೂವಿನ ಮಾಲೆ ಮೊದಲೇ ಕಟ್ಟಿಟ್ಟಿದ್ದಳು. ಇಪ್ಪತ್ತು ವರ್ಷದ ಆಸೆ. ಅದನ್ನು ಮಗಳ ಕೊರಳಿಗೆ ಹಾಕಿದಳು. ಹಾಕಿದ ಮೇಲೆ ಸ್ವಲ್ಪ ಹಿಂದೆ ಸರಿದು ನೋಡಿದಳು. ಇನ್ನೂ ಸ್ವಲ್ಪ ಹೊತ್ತು ನೋಡಿದಳು.

ಅಷ್ಟರಲ್ಲಿ ಸೂರಿ ಬಂದ. ಆದೋನಿಯ ಹತ್ತಿ ಮಿಲ್ಲಿನಲ್ಲಿ ಅವನಿಗೆ ಕೆಲಸ, ತಲೆಯಲ್ಲಿ ಇನ್ನೂ ಹತ್ತಿಯ ಎಳೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಫೋಟೋ ಮುಂದೆ ನಿಂತ.

"ಹೆಂಗೈತಿ ಸೂರಣ್ಣ?" ಎಂದಳು ಅಶ್ವಿನಿ, ಹೊಗಳಿಕೆಗೆ ಕಾಯುತ್ತ.

"ಚಲೋ ಐತಿ ತಂಗಿ," ಎಂದ. ಮತ್ತೆ ಹತ್ತಿರ ಹೋಗಿ ನೋಡಿದ. "ಈ ಕೈ ಯಾರದು?"

ಅಶ್ವಿನಿ ಓರೆಯಾಗಿದ್ದ ಮಾಲೆಯನ್ನು ಸರಿಮಾಡಿದಳು.

"ನಮ್ಮವ್ವನ ಕೈ ಮ್ಯಾಲ ಹಚ್ಚಿ ಇತ್ತು. ಇದು ನಮ್ಮವ್ವನ ಕೈ ಅಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳು ಕೇಳುವ ಹಾಗೆ ಕೇಳುತ್ತಿದ್ದ. "ಮತ್ತ ಅವ್ವ ಆ ಕಡೆ ಯಾರ್ನ ನೋಡಿ ನಗಾಕತ್ಯಾಳ? ಅಲ್ಲಿ ಯಾರೂ ಇಲ್ಲಲ್ಲ."

ನಿಜ, ಹುಲಿಗೆಮ್ಮ ಈಗ ಖಾಲಿ ಜಾಗವನ್ನು ನೋಡಿ ನಗುತ್ತಿದ್ದಳು.

"ಇರ್ಲಿ ಬಿಡು, ಮಾಲಿ ಹಾಕಾಕ ಇದು ಇರ್ಲಿ," ಎಂದ ಸೂರಿ. "ಹಳೇದು ಕೊಡು ತಂಗಿ. ದೀಪಿಕಾಗ ಹೇಳೀನಿ, ನಮ್ಮವ್ವ ನನ್ನ ಎತ್ತಿಕೊಂಡಿದ್ದು ಒಂದು ಫೋಟೋ ಐತಿ, ಮದಿವಿ ಆದ ದಿನ ಮೊದಲು ಅದನ್ನ ತೋರಸ್ತೀನಿ ಅಂತ. ನನಗ ಆಕಿ ಮುಖಾ ನೆನಪಿಲ್ಲ ನೋಡು. ಆಕಿ ನನ್ನ ಎತ್ತಿದ್ದು ನೆನಪಿಲ್ಲ. ಅದನ್ನ ನೋಡೇ ತಿಳಕೊಂಡೀನಿ."

"ಹಳೇದು... ಹರೀತು ಸೂರಣ್ಣ," ಎಂದಳು ಅಶ್ವಿನಿ.

"ಮೊಬೈಲ್‌ದಾಗ?"

"ಅಳಿಸಿಬಿಟ್ಟೆ."

"ಕಂಪ್ಯೂಟರ್‌ದಾಗ?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಸೂರಿ ಬೈಯಲಿಲ್ಲ. ಒಂದು ಏಟು ಹೊಡೆದಿದ್ದರೂ ಅವಳು ಸುಧಾರಿಸಿಕೊಳ್ಳುತ್ತಿದ್ದಳು. ಅವನು ಸುಮ್ಮನೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಒಳಗೆ ದಸ್ತಗಿರಮ್ಮ ಹಣೆ ಹಣೆ ಬಡಿದುಕೊಂಡಳು. "ನಾನೇ ಹೇಳಿದೆನವ್ವ ತೆಗಿ ಅಂತ. ತಾಯಿ ಬಗಲಿಂದ ಕೂಸಿನ್ನ ನಾನೇ ಇಳಿಸಿಬಿಟ್ಟೆ." ಅಶ್ವಿನಿ, "ಇಲ್ಲಜ್ಜಿ, ನಂದು ತಪ್ಪು," ಎಂದು ಅತ್ತಳು. ತಪ್ಪು ಯಾರದಾದರೇನು, ಹೋದದ್ದು ಹೋಗಿತ್ತು.

ಸೋಮವಾರ ಬೆಳಿಗ್ಗೆ ಏಕಾಂತಪ್ಪ ಸ್ಟುಡಿಯೋ ಬಾಗಿಲು ತೆಗೆಯುವ ಮೊದಲೇ ಅಶ್ವಿನಿ ಅಲ್ಲಿದ್ದಳು. ಇಬ್ಬರೂ ಕಂಪ್ಯೂಟರನ್ನು ಜಾಲಾಡಿದರು. ಅಳಿಸಿದ್ದನ್ನು ಎತ್ತಿ ಕೊಡುವ ಸಾಫ್ಟ್‌ವೇರ್ ಹಾಕಿ ನೋಡಿದರು. ಮೊಬೈಲನ್ನೂ ನೋಡಿದರು, ಅದರ ತುಂಬ ಆಮೇಲೆ ತೆಗೆದ ವಿಡಿಯೋಗಳೇ ಕೂತಿದ್ದವು. ಮಧ್ಯಾಹ್ನದ ಹೊತ್ತಿಗೆ ಏಕಾಂತಪ್ಪ ಕನ್ನಡಕ ತೆಗೆದು ಕೆಳಗಿಟ್ಟ.

"ಸಿಗಂಗಿಲ್ಲ ಮಗಾ," ಎಂದ. ನಾನು ಹೇಳಿರಲಿಲ್ಲವೇ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಸಂಜೆ ಅವಳು ಮಿಲ್ಲಿನ ಹತ್ತಿರ ಹೋಗಿ ಸೂರಿಯನ್ನು ಕಂಡಳು. "ಸೂರಣ್ಣ, ಈಗ ಕಂಪ್ಯೂಟರ್ ತಾನೇ ಚಿತ್ರ ಮಾಡಿ ಕೊಡ್ತೈತಿ. ಬೋಳು ತಲೆ, ಗಂಧ, ಅಳೋ ಕೂಸು, ಎಲ್ಲ ಹೇಳಿದ್ರ ಹಂಗೇ ಮಾಡ್ತೈತಿ. ನಿಮ್ಮವ್ವನ ಬಗಲಾಗ ಕೂಡಸ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತಾಗ್ತೈತಲ್ಲ," ಎಂದ ಸೂರಿ. "ಆ ಕೂಸು ನಾನಲ್ಲ ತಂಗಿ. ಬ್ಯಾರೆ ಯಾವುದೋ ಕೂಸಿನ್ನ ನಮ್ಮವ್ವನ ಬಗಲಾಗ ಕೂಡಿಸಿ, ನಾನು ಅಂತ ಅನ್ನಲೇನು? ಬ್ಯಾಡ."

ಅವಳು ಮನೆಗೆ ಬಂದು ಮೂಲೆಯಲ್ಲಿ ಕೂತು ಬಿಕ್ಕಿದಳು. ಬಸಲಿಂಗಮ್ಮ ಎದ್ದು ಹೋಗಿ ಜೋಳದ ಚೀಲದ ಹಿಂದಿನಿಂದ ಗಾಜನ್ನು ಎತ್ತಿ ತಂದಳು. "ಕಸಾ ಹೊಡಿಯೋವಾಗ ಹೊರಗ ಇಡಬೇಕಂದೆ. ಏನೋ ಅಂಟಿತ್ತು, ಮನಸ್ಸು ಬರಲಿಲ್ಲ. ನೋಡು, ಇದರಾಗೇನರ ಐತೇನು?"

ಗಾಜಿನ ಕೆಳಗಿನ ಮೂಲೆಯಲ್ಲಿ ಮೂರು ಬೆರಳಗಲದಷ್ಟು ಫೋಟೋ ಉಳಿದಿತ್ತು. ಅಶ್ವಿನಿ ಅದನ್ನು ಮುಟ್ಟಲಿಲ್ಲ, ಒರೆಸಲೂ ಇಲ್ಲ. ಮರುದಿನ ಹಳೆಯ ಸೀರೆಯಲ್ಲಿ ಸುತ್ತಿ, ಎರಡು ಬಸ್ಸಿನಲ್ಲೂ ಮಡಿಲಲ್ಲಿಟ್ಟುಕೊಂಡು ಆದೋನಿಗೆ ತಂದಳು. ಮೊದಲೇ ಹೀಗೆ ತಂದಿದ್ದರೆ ಆಗುತ್ತಿತ್ತಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಸೂರಿಯೂ ಮಿಲ್ಲಿನಿಂದ ಬಂದ. ಏಕಾಂತಪ್ಪ ಗಾಜನ್ನು ಸ್ಕ್ಯಾನರ್ ಮೇಲೆ ಮೆಲ್ಲಗೆ ಮಲಗಿಸಿ, ಬೆಳಕು ಬೀಳದಂತೆ ಮೇಲೆ ಕಪ್ಪು ಬಟ್ಟೆ ಹೊದಿಸಿದ.

ಪರದೆಯ ಮೇಲೆ ಮೊದಲು ಒಂದು ಪುಟ್ಟ ಪಾದ ಕಂಡಿತು. ಕಣಕಾಲಿಗೆ ಕರಿದಾರ. ಆ ಪಾದವನ್ನು ಕೆಳಗಿನಿಂದ ಹಿಡಿದುಕೊಂಡ ನಾಲ್ಕು ಬೆರಳು, ಮುಂಗೈ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕೆ.

"ಅವ್ವನ ಕೈ," ಎಂದ ಸೂರಿ.

ಏಕಾಂತಪ್ಪ ಮುಖದ ತುಂಡನ್ನೂ ಪಾದದ ತುಂಡನ್ನೂ ಮೊದಲು ಇದ್ದ ಜಾಗದಲ್ಲೇ ಕೂಡಿಸಿದ. ಮೇಲೆ ನಗುವ ತಾಯಿ, ಕೆಳಗೆ ಪಾದ, ನಡುವೆ ಬಿಳಿ. ಅಶ್ವಿನಿಯ ಕೈ ಅಭ್ಯಾಸಬಲದಿಂದ ಮೌಸಿನ ಕಡೆ ಹೋಯಿತು. ಸೂರಿ ಬೇಡವೆಂದು ಕೈ ಅಡ್ಡ ಹಿಡಿದ.

"ತುಂಬಬ್ಯಾಡ. ಬಿಳಿ ಇರ್ಲಿ. ಅಲ್ಲಿ ನಾನಿದ್ದೆ ಅಂತ ಗೊತ್ತಾಗಲಿ."

ಈ ಸಲ ಅಶ್ವಿನಿ ಮೊದಲು ಕಾಪಿ ಮಾಡಿದಳು. ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಸೂರಿಯ ಮೊಬೈಲಿನಲ್ಲಿ. ಕಾಲೇಜಿಗೆ ಹೋಗಿ ತ್ರಿವೇಣಿ ಮೇಡಂ ಮುಂದೆ ನಡೆದದ್ದನ್ನೆಲ್ಲ ಹೇಳಿ, ತನ್ನ ಬಂಗಾರದ ಬಳೆಯ ಚಿತ್ರದ ಪಕ್ಕ ಆ ಬಿಳಿ ಜಾಗದ ಚಿತ್ರ ತೂಗುಹಾಕಿದಳು. ಕೆಳಗೆ, "ಇದನ್ನು ಅಳಿಸಿದ್ದು ನಾನು" ಎಂದು ಬರೆದಳು. ಆ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಮುಂದಿನ ವಾರ ಅವಳ ತರಗತಿಯ ಒಬ್ಬರೂ ಕಾಪಿ ಮಾಡದೆ ಕೆಲಸಕ್ಕೆ ಕೈ ಹಚ್ಚಲಿಲ್ಲ.

ಊರಿನಲ್ಲಿ ಮೊದಲು ಬಸಲಿಂಗಮ್ಮ ತನ್ನ ಗಂಡನ ಫೋಟೋ ಗೋಡೆಯಿಂದ ಇಳಿಸಿದಳು. "ನೀ ಏನೂ ಚಂದ ಮಾಡಬ್ಯಾಡ. ಇದ್ದದ್ದು ಇದ್ದಂಗ ಮೊದಲು ಒಂದು ಕಾಪಿ ತೆಗದಿಡು. ಆಮ್ಯಾಲ ನಿನ್ನ ಹಿಮದ ಬೆಟ್ಟ," ಎಂದಳು. ಅವಳನ್ನು ನೋಡಿ ಓಣಿಯ ನಾಲ್ಕಾರು ಮನೆಯವರೂ ಕಟ್ಟು ಹಿಡಿದು ಬಂದರು. ಅಶ್ವಿನಿ ಈಗ ಪ್ರತಿ ಭಾನುವಾರ ಅದೇ ಕೆಲಸ ಮಾಡುತ್ತಾಳೆ. ಫೋಟೋದಲ್ಲಿ ಇರುವವರು ಬದುಕಿದ್ದರೆ, ಅವರನ್ನು ಕೇಳದೆ ಒಂದು ಕೂದಲೆಳೆಯನ್ನೂ ತಿದ್ದುವುದಿಲ್ಲ.

ಮದುವೆಯ ದಿನ ದಸ್ತಗಿರಮ್ಮ ಬಳೆಯ ಕೈಯ ಫೋಟೋವನ್ನು ತಾನೇ ಕೆಳಗಿಳಿಸಿದಳು. "ಆ ಕೈ ನಮ್ಮಾಕೀದಲ್ಲ," ಎಂದಳು. ಅದೇ ಮೊಳೆಗೆ ಬಿಳಿ ಜಾಗದ ಫೋಟೋ ಹಾಕಿದಳು. ಮಾಲೆ ಹಾಕಲಿಲ್ಲ. ಪಾದ ಮೊಮ್ಮಗನದು, ಅವನು ಬದುಕಿದ್ದಾನಲ್ಲ. ಮೊದಲಿನ ಹಾಗೆಯೇ ಮಗಳಿರುವ ಮೂಲೆಗೆ ಒಂದು ಚೆಂಡುಹೂವು ಸಿಗಿಸಿದಳು. ಹೊಸ ಸೊಸೆ ದೀಪಿಕಾ ತಲೆಬಾಗಿ ನಮಸ್ಕಾರ ಮಾಡಿ, ಮೆಲ್ಲಗೆ ಕೇಳಿದಳು, "ಈ ಕಾಲು ಯಾರದು?"

"ನಂದು," ಎಂದ ಸೂರಿ. "ನಮ್ಮವ್ವ ಹಿಡಕೊಂಡಾಳ ನೋಡು."

ಬಾಗಿಲ ಹೊರಗೆ ನಿಂತಿದ್ದ ಅಶ್ವಿನಿ ಕಣ್ಣೊರೆಸಿಕೊಂಡಳು. ಕೂಸಿನ ಮುಖ ಹೇಗಿತ್ತು ಎಂದು ದೀಪಿಕಾ ಕೇಳಿದ್ದರೆ ತೋರಿಸಲು ಏನೂ ಇರಲಿಲ್ಲ. ಇನ್ನು ಮುಂದೆಯೂ ಇರುವುದಿಲ್ಲ.

ಅಕ್ಕಾ, ಅಣ್ಣಾ, ಈ ಕಥೆ ಕೇಳಿದ ಮೇಲೆ ಎದ್ದು ನಿಮ್ಮ ಮನೆಯ ಗೋಡೆ ಒಮ್ಮೆ ನೋಡಿ. ಅಲ್ಲಿ ಅದೊಂದೇ ಇರುವ ಫೋಟೋ ಯಾವುದು? ಅದು ಗಾಜಿಗೆ ಅಂಟಿದ್ದರೆ ದಯವಿಟ್ಟು ಕೀಳಬೇಡಿ, ಗಾಜು ಸಮೇತ ಸ್ಕ್ಯಾನ್ ಮಾಡಿಸಿ. ತಿದ್ದುವ ಮೊದಲು ಇದ್ದದ್ದು ಇದ್ದ ಹಾಗೇ ಒಂದು ಕಾಪಿ ಎರಡು ಮೂರು ಕಡೆ ಎತ್ತಿಡಿ. ಅದರಲ್ಲಿರುವವರನ್ನು ಒಂದು ಮಾತು ಕೇಳಿ. ಸಾಫ್ಟ್‌ವೇರ್ ಕಲಿಯುತ್ತಿರುವ ಮಕ್ಕಳೇ, ನಿಮ್ಮ ಕೈ ಚೆನ್ನಾಗಿದೆ, ಇನ್ನೂ ಚೆನ್ನಾಗಲಿ. ಆದರೆ ಸೇವ್ ಒತ್ತುವ ಮುಂಚೆ ಒಂದು ಗಳಿಗೆ ನಿಲ್ಲಿ. ನೀವು ಅಳಿಸುತ್ತಿರುವುದು ಯಾರೋ ಒಬ್ಬರಿಗೆ ತಾಯಿ ತನ್ನನ್ನು ಎತ್ತಿಕೊಂಡಿದ್ದಳು ಎನ್ನುವುದಕ್ಕೆ ಉಳಿದ ಒಂದೇ ಗುರುತಾಗಿರಬಹುದು.